ಹಡಗಿನಲ್ಲಿ ಬರುವ ಹಿಂಡಿ: ಯಾವ ಬೀಜದ್ದು ಅಂತ ಕೇಳುವವರು ಯಾರು?

ಹೊರದೇಶದ ಪಶು ಆಹಾರ ಮತ್ತು ಕುಲಾಂತರಿ, ಅಂದರೆ ಹೊರಗಿನ ಜೀನ್ ಸೇರಿಸಿದ, ಬೆಳೆಗಳ ಬಗ್ಗೆ ಬಂದ ಪತ್ರಗಳನ್ನು ಈ ಸಂಚಿಕೆಗೆ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗಾಗಿ ಒಂದು ಮಾತು: ನಾನು ಓದಿದ್ದು ಪಶುವೈದ್ಯಕೀಯ. ಆದರೆ ಕೆಲಸ ಮಾಡಿದ್ದೆಲ್ಲ ಫೀಡ್ ಮಿಲ್‌ಗಳ ಲ್ಯಾಬ್‌ನಲ್ಲಿ. ಹಿಂಡಿ, ತೌಡು, ಮೆಕ್ಕೆಜೋಳದ ಮಾದರಿಗಳ ನಡುವೆಯೇ ನನ್ನ ನೌಕರಿ ಕಳೆಯಿತು.

ಪ್ರಶ್ನೆ: ನಮ್ಮ ದೇಶದಲ್ಲಿ ಕುಲಾಂತರಿ ಸೋಯಾ ಬೆಳೆಯುವಂತಿಲ್ಲ. ಆದರೂ 2021ರಲ್ಲಿ ಹೊರಗಿನಿಂದ ಕುಲಾಂತರಿ ಸೋಯಾ ಹಿಂಡಿ ತರಿಸಿದರು. ಬೆಳೆಯಲು ಬಿಡದ್ದನ್ನು ತಿನ್ನಿಸಲು ಹೇಗೆ ಬಿಟ್ಟರು? ಆ ವರ್ಷ ನಾನೂ ಫೀಡ್ ಕೊಂಡಿದ್ದೇನೆ. (ಲೇಯರ್ ಕೋಳಿ ಸಾಕುವವರು, ಹೊಸಪೇಟೆ)

ಆ ವರ್ಷದ ಬೇಸಿಗೆ ಮತ್ತು ಮಳೆಗಾಲ ನಿಮಗೂ ನೆನಪಿರಬೇಕು. ಸೋಯಾಬೀನ್ ಕ್ವಿಂಟಲ್‌ಗೆ 10 ಸಾವಿರ ರೂಪಾಯಿ ಮುಟ್ಟಿತ್ತು. ಹಿಂಡಿಯ ಬೆಲೆ ಅದರ ಹಿಂದೆಯೇ ಏರಿತು. ಕೋಳಿ ಫೀಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಕ್ಕೆಜೋಳ ಇರುತ್ತದೆ. ಪ್ರೋಟೀನ್ ಮಾತ್ರ ಹೆಚ್ಚಾಗಿ ಸೋಯಾ ಹಿಂಡಿಯಿಂದಲೇ ಬರಬೇಕು. ಕೋವಿಡ್ ಹೊಡೆತ ತಿಂದಿದ್ದ ಕೋಳಿ ಸಾಕಣೆದಾರರಿಗೆ ಇದು ಎರಡನೇ ಪೆಟ್ಟು. ಕೋಳಿ ಉದ್ಯಮದ ಸಂಘದವರು ಕೇಂದ್ರಕ್ಕೆ ಮನವಿ ಕೊಟ್ಟರು.

ಈಗ ಕಾನೂನು ನೋಡಿ. ಪರಿಸರ ಸಂರಕ್ಷಣಾ ಕಾಯ್ದೆ 1986ರದ್ದು. ಅದರ ಅಡಿಯಲ್ಲಿ 1989ರಲ್ಲಿ ಕುಲಾಂತರಿ ಜೀವಿಗಳ ನಿಯಮಗಳು ಬಂದವು. ಕುಲಾಂತರಿ ಬೀಜ ತರಬೇಕಾದರೂ ಬೆಳೆಯಬೇಕಾದರೂ ಪರಿಸರ ಸಚಿವಾಲಯದ ಜಿಇಎಸಿ ಎಂಬ ಸಮಿತಿಯ ಒಪ್ಪಿಗೆ ಬೇಕು. 2006ರಲ್ಲಿ ವಿದೇಶಿ ವ್ಯಾಪಾರದ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಇನ್ನೂ ಸ್ಪಷ್ಟವಾಗಿ ಬರೆಯಿತು. ಕುಲಾಂತರಿ ಅಂಶ ಇರುವ ಆಹಾರವಾಗಲಿ, ಪಶು ಆಹಾರವಾಗಲಿ, ಹಸಿಯಾಗಿರಲಿ, ಸಂಸ್ಕರಿಸಿದ್ದಾಗಿರಲಿ, ಜಿಇಎಸಿ ಒಪ್ಪಿದರೆ ಮಾತ್ರ ಒಳಗೆ ಬರಬಹುದು. ಸರಕಿನ ಜೊತೆ "ಇದು ಕುಲಾಂತರಿ" ಅಂತ ಘೋಷಣೆ ಇರಬೇಕು. ಘೋಷಿಸದೆ ತಂದು ಸಿಕ್ಕಿಬಿದ್ದರೆ ಆಮದುದಾರನ ಮೇಲೆ ಕ್ರಮ.

ಇಷ್ಟು ಬಿಗಿಯಾದ ಬಾಗಿಲು 2021ರ ಆಗಸ್ಟ್‌ನಲ್ಲಿ ತೆರೆದದ್ದು ಒಂದೇ ವಾದದಿಂದ. ಎಣ್ಣೆ ತೆಗೆದು, ಪುಡಿ ಮಾಡಿದ ಸೋಯಾದಲ್ಲಿ ಜೀವ ಇಲ್ಲ. ಬಿತ್ತಿದರೆ ಮೊಳೆಯುವುದಿಲ್ಲ. ಆದ್ದರಿಂದ ಪರಿಸರದ ದೃಷ್ಟಿಯಿಂದ ನಮ್ಮ ಆಕ್ಷೇಪ ಇಲ್ಲ ಎಂದು ಪರಿಸರ ಸಚಿವಾಲಯ ಹೇಳಿತು. ಆಗಸ್ಟ್ 24ರಂದು ಡಿಜಿಎಫ್‌ಟಿ ಅಧಿಸೂಚನೆ ಹೊರಡಿಸಿತು. 12 ಲಕ್ಷ ಟನ್ ತರಲು ಅನುಮತಿ. ಮುಂಬೈ ಬಳಿಯ ನ್ಹಾವಾ ಶೇವಾ ಬಂದರು ಮತ್ತು ಬಾಂಗ್ಲಾದೇಶದ ಗಡಿಯ ಪೆಟ್ರಾಪೋಲ್ ಮೂಲಕ. ಗಡುವು ಮೊದಲು ಅಕ್ಟೋಬರ್ 31 ಇತ್ತು, ಆಮೇಲೆ ವಿಸ್ತರಿಸಿದರು. 2022ರ ಮೇನಲ್ಲಿ ಮತ್ತೆ 5.5 ಲಕ್ಷ ಟನ್‌ಗೆ ದಾರಿ ಬಿಟ್ಟರು.

ಹಾಗಾಗಿ ನಿಮ್ಮ ಕೋಳಿಗಳು ಅದನ್ನು ತಿಂದಿರಬಹುದು. ಚೀಲದ ಮೇಲೆ ಬರೆದಿರಲಿಲ್ಲ, ಆದ್ದರಿಂದ ಖಚಿತವಾಗಿ ತಿಳಿಯುವ ದಾರಿ ನಿಮಗೆ ಇರಲಿಲ್ಲ.

ನನ್ನ ತಕರಾರು ಇರುವುದು ಹಿಂಡಿ ಬಂದದ್ದಕ್ಕಲ್ಲ. ಆ ವರ್ಷ ಕೋಳಿ ಫಾರಂಗಳು ಮುಚ್ಚುವ ಸ್ಥಿತಿ ನಿಜವಾಗಿಯೂ ಇತ್ತು. ತಕರಾರು ಇರುವುದು ಕೇಳಿದ ಪ್ರಶ್ನೆಗೆ. "ಮೊಳೆಯುತ್ತದೆಯೇ?" ಎಂದು ಮಾತ್ರ ಕೇಳಿದರು. ಹೊಲಕ್ಕೆ ಅದು ಸರಿಯಾದ ಪ್ರಶ್ನೆ. ಆದರೆ ಹಿಂಡಿ ಹೋಗುವುದು ಹೊಲಕ್ಕಲ್ಲ, ಹೊಟ್ಟೆಗೆ. ಹೊಟ್ಟೆಯ ವಿಷಯಕ್ಕೆ ಕೇಳಬೇಕಾದವು ಬೇರೆ. ಯಾವ ಜೀನ್ ಸೇರಿಸಿದ ಸೋಯಾ? ಅದನ್ನು ಯಾವ ದೇಶ ಪರೀಕ್ಷಿಸಿ ಒಪ್ಪಿದೆ? ಒಪ್ಪಿಗೆ ಸಿಗದ ಬೇರೆ ತಳಿ ಬೆರೆತಿದ್ದರೆ ಎಷ್ಟರವರೆಗೆ ಬಿಡಬೇಕು? ಬಂದರಿನಲ್ಲಿ ಮಾದರಿ ತೆಗೆಯುವವರು ಯಾರು? ಆ ಅಧಿಸೂಚನೆಯಲ್ಲಿ ತಳಿಗಳ ಪಟ್ಟಿ ಇರಲಿಲ್ಲ, ಬೆರಕೆಯ ಮಿತಿಯೂ ಇರಲಿಲ್ಲ. ತುರ್ತಿನಲ್ಲಿ ಸರಕು ತರುವುದು ತಪ್ಪಲ್ಲ. ತುರ್ತು ಬರುವ ಮೊದಲೇ ನಿಯಮ ಬರೆದಿಡದೇ ಇದ್ದದ್ದು ತಪ್ಪು.

ಪ್ರಶ್ನೆ: ಕುಲಾಂತರಿ ಮೇವು ತಿಂದ ಹಸುವಿನ ಹಾಲು, ಕೋಳಿಯ ಮೊಟ್ಟೆ ಮಕ್ಕಳಿಗೆ ಕೊಡಬಹುದೇ? ಆ ಜೀನ್ ಹಾಲಿನಲ್ಲಿ ಬರುತ್ತದೆಯೇ? (ಗೃಹಿಣಿ, ಜಯನಗರ, ಬೆಂಗಳೂರು)

ಕೊಡಿ. ಧೈರ್ಯವಾಗಿ ಕೊಡಿ.

ಪ್ರತಿ ಸಸ್ಯದಲ್ಲೂ ಡಿಎನ್‌ಎ ಇದೆ. ಹುಲ್ಲಿನಲ್ಲಿದೆ, ರಾಗಿಯಲ್ಲಿದೆ, ನೀವು ತಿನ್ನುವ ಹುರುಳಿಕಾಯಿಯಲ್ಲೂ ಇದೆ. ಹೊಟ್ಟೆಗೆ ಹೋದ ಮೇಲೆ ಅದು ಚೂರು ಚೂರಾಗುತ್ತದೆ. ಹಸುವಿನ ವಿಷಯದಲ್ಲಿ ಇನ್ನೂ ಜಾಸ್ತಿ, ಏಕೆಂದರೆ ಮೊದಲ ಹೊಟ್ಟೆಯಲ್ಲೇ ಕೋಟ್ಯಂತರ ಸೂಕ್ಷ್ಮಜೀವಿಗಳು ಮೇವನ್ನು ಒಡೆಯುತ್ತವೆ. ಸಾಮಾನ್ಯ ಸಸ್ಯದ ಡಿಎನ್‌ಎಯ ಸಣ್ಣ ತುಣುಕುಗಳು ಕೋಳಿ ಮಾಂಸದಲ್ಲಿ ಸಿಕ್ಕಿದ್ದುಂಟು. ಆದರೆ ಹೊರಗಿನಿಂದ ಸೇರಿಸಿದ ಜೀನ್ ಅಥವಾ ಅದರ ಪ್ರೋಟೀನ್ ಹಾಲು, ಮಾಂಸ, ಮೊಟ್ಟೆಯಲ್ಲಿ ನಂಬುವಂಥ ರೀತಿಯಲ್ಲಿ ಪತ್ತೆಯಾಗಿಲ್ಲ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2007ರಲ್ಲೇ ಹೇಳಿತು. ಅಮೆರಿಕದಲ್ಲಿ 1996ರಿಂದ ದನ, ಕೋಳಿ, ಹಂದಿಗಳೆಲ್ಲ ಹೆಚ್ಚಾಗಿ ಇದೇ ಸೋಯಾ, ಇದೇ ಮೆಕ್ಕೆಜೋಳ ತಿನ್ನುತ್ತಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಅದರ ಮೊದಲಿನ ಮತ್ತು ನಂತರದ ಲೆಕ್ಕಗಳನ್ನು ಹೋಲಿಸಿ 2014ರಲ್ಲಿ ಪ್ರಕಟಿಸಿದರು. ಪ್ರಾಣಿಗಳ ಆರೋಗ್ಯದಲ್ಲಿ ಕೆಟ್ಟ ಬದಲಾವಣೆ ಅವರಿಗೆ ಕಾಣಲಿಲ್ಲ.

ಲ್ಯಾಬ್‌ನಲ್ಲಿ ನನ್ನ ನಿದ್ದೆ ಕೆಡಿಸಿದ್ದು ಬೇರೆಯೇ. ಬೂಸ್ಟು ಹಿಡಿದ ಮೆಕ್ಕೆಜೋಳ ಮತ್ತು ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ. ಅದು ಹಸುವಿನ ಹೊಟ್ಟೆಗೆ ಹೋದರೆ ರೂಪ ಬದಲಿಸಿ ಹಾಲಿಗೆ ನಿಜವಾಗಿಯೂ ಬರುತ್ತದೆ. ಮಕ್ಕಳ ಹಾಲಿನ ಬಗ್ಗೆ ಚಿಂತೆ ಮಾಡುವುದಾದರೆ ಮೊದಲು ಅದರ ಚಿಂತೆ ಮಾಡೋಣ.

ಒಂದು ಮಾತು ಸೇರಿಸಬೇಕು. ಈ ಭರವಸೆ ಇರುವುದು ಪರೀಕ್ಷೆ ಮುಗಿಸಿ ಒಪ್ಪಿಗೆ ಪಡೆದ ತಳಿಗಳ ಬಗ್ಗೆ. ಯಾರೂ ಪರೀಕ್ಷಿಸದ ತಳಿಗೂ ಇದೇ ಮಾತು ಸಲ್ಲುತ್ತದೆ ಅಂತ ನಾನು ಸುಮ್ನೆ ಹೇಳಲಾರೆ.

ಪ್ರಶ್ನೆ: ಯುರೋಪಿನಲ್ಲಿ ಒಪ್ಪಿಗೆ ಇಲ್ಲದ ಕುಲಾಂತರಿ ಅಂಶ ಪಶು ಆಹಾರದಲ್ಲಿ ಶೇ. 0.1ರವರೆಗೆ ಇದ್ದರೆ ಬಿಡುತ್ತಾರೆ ಎಂದು ಓದಿದೆ. 0.1 ಏಕೆ? ಸೊನ್ನೆ ಏಕಲ್ಲ? ನಮ್ಮಲ್ಲಿ ಇಂಥ ಮಿತಿ ಇದೆಯೇ? (ಪಶುವೈದ್ಯಕೀಯ ವಿದ್ಯಾರ್ಥಿನಿ, ಬೀದರ್)

ಈ ಪ್ರಶ್ನೆ ಓದಿ ಖುಷಿಯಾಯಿತು. ಕುಲಾಂತರಿ ಬಗ್ಗೆ ಗಂಟಲು ಹರಿದು ವಾದ ಮಾಡುವ ಎಷ್ಟೋ ಜನ ಈ ಸಂಖ್ಯೆಯ ಹತ್ತಿರ ಬರುವುದೇ ಇಲ್ಲ.

ಯುರೋಪಿನ ದನ, ಹಂದಿ, ಕೋಳಿಗಳು ಬದುಕಿರುವುದು ಆಮದು ಸೋಯಾದ ಮೇಲೆ. ವರ್ಷಕ್ಕೆ ಸುಮಾರು 3 ಕೋಟಿ ಟನ್, ಹೆಚ್ಚಿನದು ಬ್ರೆಜಿಲ್, ಅರ್ಜೆಂಟೀನಾ, ಅಮೆರಿಕದಿಂದ. ಅಲ್ಲಿ ಬೆಳೆಯುವುದು ಬಹುಪಾಲು ಕುಲಾಂತರಿ ಸೋಯಾ. ಯುರೋಪು ತಳಿ ತಳಿಗೂ ಬೇರೆ ಬೇರೆ ಒಪ್ಪಿಗೆ ಕೊಡುತ್ತದೆ. ಗಿಡಕ್ಕೆ ಮಾಡಿದ ಒಂದೊಂದು ಜೀನ್ ಜೋಡಣೆಗೆ ಈವೆಂಟ್ ಎನ್ನುತ್ತಾರೆ, ಪ್ರತಿ ಈವೆಂಟ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ತೊಂದರೆ ಏನೆಂದರೆ ಅಮೆರಿಕದಲ್ಲಿ ಒಪ್ಪಿಗೆ ಬೇಗ ಸಿಗುತ್ತದೆ, ಯುರೋಪಿನಲ್ಲಿ ತಡ. ನಡುವಿನ ವರ್ಷಗಳಲ್ಲಿ ಹೊಸ ತಳಿ ಅಮೆರಿಕದ ಹೊಲದಲ್ಲಿ ಇರುತ್ತದೆ, ಯುರೋಪಿನ ಪಟ್ಟಿಯಲ್ಲಿ ಇರುವುದಿಲ್ಲ.

2009ರಲ್ಲಿ ಆದದ್ದು ಇದೇ. ಅಮೆರಿಕದಿಂದ ಹೋದ ಸೋಯಾ ಸರಕಿನಲ್ಲಿ ಮೆಕ್ಕೆಜೋಳದ ಧೂಳು ಸಿಕ್ಕಿತು. ಅದೇ ಗೋದಾಮು, ಅದೇ ಲಾರಿ, ಅದೇ ಹಡಗಿನ ಹೊಟ್ಟೆಯಲ್ಲಿ ಮೊದಲು ಮೆಕ್ಕೆಜೋಳ ಹೋಗಿತ್ತು, ಅಷ್ಟೇ. ಆ ಧೂಳಿನಲ್ಲಿ ಎಂಒಎನ್ 88017 ಮತ್ತು ಎಂಐಆರ್ 604 ಎಂಬ ಎರಡು ಈವೆಂಟ್‌ಗಳ ಕುರುಹು ಇತ್ತು. ಆಗ ಯುರೋಪಿನಲ್ಲಿ ಎರಡಕ್ಕೂ ಒಪ್ಪಿಗೆ ಇರಲಿಲ್ಲ. ಸೊನ್ನೆ ಎಂದರೆ ಸೊನ್ನೆ ಎಂಬ ನಿಯಮದಿಂದ ಹಡಗುಗಟ್ಟಲೆ ಸೋಯಾ ತಿರಸ್ಕಾರವಾಯಿತು. ಅದೇ ವರ್ಷದ ಕೊನೆಗೆ ಎರಡೂ ಈವೆಂಟ್‌ಗಳಿಗೆ ಒಪ್ಪಿಗೆ ಸಿಕ್ಕಿತು! ಬೇಸಿಗೆಯಲ್ಲಿ ಅಕ್ರಮವಾಗಿದ್ದ ಧೂಳು ಚಳಿಗಾಲಕ್ಕೆ ಸಕ್ರಮ.

ಆಮೇಲೆ 2011ರಲ್ಲಿ 619 ಎಂಬ ಸಂಖ್ಯೆಯ ನಿಯಮ ಬಂತು. ಪಶು ಆಹಾರಕ್ಕೆ ಮಾತ್ರ ಅನ್ವಯ, ಜನರ ಆಹಾರಕ್ಕಲ್ಲ. 0.1 ಎಂಬುದು "ಇಷ್ಟು ತಿಂದರೆ ಸುರಕ್ಷಿತ" ಎಂದು ಆರಿಸಿದ ಸಂಖ್ಯೆ ಅಲ್ಲ. ಬೇರೆ ಬೇರೆ ಲ್ಯಾಬ್‌ಗಳು ಒಂದೇ ಮಾದರಿ ಪರೀಕ್ಷಿಸಿದಾಗ ಒಂದೇ ಉತ್ತರ ಬರುವ ಅತಿ ಕಡಿಮೆ ಮಟ್ಟ ಅದು. ಅದಕ್ಕಿಂತ ಕೆಳಗೆ ಒಂದು ಲ್ಯಾಬ್ ಇದೆ ಅನ್ನುತ್ತದೆ, ಇನ್ನೊಂದು ಇಲ್ಲ ಅನ್ನುತ್ತದೆ. ಅಂಥ ಮಟ್ಟದಲ್ಲಿ ಹಡಗು ವಾಪಸ್ ಕಳಿಸುವುದು ನ್ಯಾಯವಲ್ಲ, ಜೂಜು.

ಎಲ್ಲ ತಳಿಗಳಿಗೂ ಈ ರಿಯಾಯಿತಿ ಸಿಗುವುದಿಲ್ಲ ಎಂಬುದೇ ಇದರ ನಿಜವಾದ ಬಲ. ಆ ಈವೆಂಟ್‌ಗೆ ಬೇರೊಂದು ದೇಶದಲ್ಲಿ ಒಪ್ಪಿಗೆ ಇರಬೇಕು. ಯುರೋಪಿನಲ್ಲೂ ಅರ್ಜಿ ಹಾಕಿ ಮೂರು ತಿಂಗಳಿಗಿಂತ ಹೆಚ್ಚಾಗಿರಬೇಕು. ಅಷ್ಟು ಸಣ್ಣ ಪ್ರಮಾಣದಲ್ಲಿ ಹಾನಿ ಆಗಬಹುದು ಎಂದು ಸುರಕ್ಷತಾ ಪ್ರಾಧಿಕಾರ ಹೇಳಿರಬಾರದು. ಪತ್ತೆ ಮಾಡುವ ವಿಧಾನ ಮತ್ತು ಹೋಲಿಸಿ ನೋಡಲು ಮಾದರಿ ಪುಡಿ ಕಂಪನಿ ಕೊಟ್ಟಿರಬೇಕು. ಒಪ್ಪಿಗೆಯ ಅವಧಿ ಮುಗಿದ ಹಳೆಯ ತಳಿಗಳಿಗೂ ಜಾಗ ಇದೆ. ಪಟ್ಟಿ ಎಲ್ಲರಿಗೂ ಕಾಣುವಂತೆ ಪ್ರಕಟವಾಗಿದೆ. ಪಟ್ಟಿಯಲ್ಲಿ ಇಲ್ಲದ್ದು ಸಿಕ್ಕರೆ ಇವತ್ತಿಗೂ ಸೊನ್ನೆಯೇ.

ಮಾದರಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 0.1 ಅಂದರೆ ಸಾವಿರ ಕಾಳಿಗೆ ಒಂದು. ಅದನ್ನು ಶೇ. 95ರಷ್ಟು ಭರವಸೆಯಿಂದ ಹಿಡಿಯಬೇಕಾದರೆ ಸುಮಾರು 3,000 ಕಾಳು ಬೇಕು. ಮೆಕ್ಕೆಜೋಳವಾದರೆ ಹತ್ತಿರ ಹತ್ತಿರ ಒಂದು ಕೆಜಿ. ಇಷ್ಟೇನಾ ಅಂತ ಅನಿಸಬಹುದು. ಆದರೆ ಆ ಒಂದು ಕೆಜಿ ಇಡೀ ಹಡಗನ್ನು ಪ್ರತಿನಿಧಿಸಬೇಕು. ಬೆರಕೆ ಯಾವತ್ತೂ ಸಮವಾಗಿ ಹರಡಿರುವುದಿಲ್ಲ, ಒಂದು ಮೂಲೆಯಲ್ಲಿ ಗುಂಪಾಗಿ ಇರುತ್ತದೆ. ಕನ್ವೇಯರ್‌ನಲ್ಲಿ ಸರಕು ಇಳಿಯುವಾಗ ನಿಗದಿತ ಹೊತ್ತಿಗೊಮ್ಮೆ ಹಿಡಿಹಿಡಿ ತೆಗೆದು ಕೂಡಿಸಬೇಕು. ಮೇಲಿನ ಪದರದಿಂದ ಒಂದು ಪೊಟ್ಟಣ ಕಟ್ಟಿ ಲ್ಯಾಬ್‌ಗೆ ಕಳಿಸಿದರೆ ಎಂಥ ದುಬಾರಿ ಯಂತ್ರವೂ ಸತ್ಯ ಹೇಳಲಾರದು. ಇನ್ನೊಂದು: ಸೋಯಾ ಹಿಂಡಿಯನ್ನು ಬಿಸಿಯಲ್ಲಿ ಹದ ಮಾಡಿರುತ್ತಾರೆ. ಆ ಬಿಸಿಗೆ ಪ್ರೋಟೀನ್ ರೂಪ ಕೆಡುತ್ತದೆ. ಹಾಗಾಗಿ ಪ್ರೋಟೀನ್ ಹುಡುಕುವ, ಹತ್ತು ನಿಮಿಷದಲ್ಲಿ ಗೆರೆ ಮೂಡುವ ಸ್ಟ್ರಿಪ್ ಪರೀಕ್ಷೆಯನ್ನು ಹಿಂಡಿಗೆ ನಂಬಬೇಡಿ. ಡಿಎನ್‌ಎಯನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಬೇಕು. ಮೊದಲು ಹೆಚ್ಚಿನ ಕುಲಾಂತರಿ ಬೆಳೆಗಳಲ್ಲಿ ಇರುವ 35ಎಸ್ ಪ್ರಮೋಟರ್, ನಾಸ್ ಟರ್ಮಿನೇಟರ್ ಎಂಬ ಡಿಎನ್‌ಎ ತುಣುಕುಗಳು ಇವೆಯೇ ನೋಡಿ, ಆಮೇಲೆ ಯಾವ ಈವೆಂಟ್ ಅಂತ ಹುಡುಕಬೇಕು. ಎರಡನೇ ಹೆಜ್ಜೆಗೆ ಈವೆಂಟ್‌ಗಳ ಪಟ್ಟಿ ಬೇಕು. ಯಾವುದನ್ನು ಹುಡುಕಬೇಕು ಅಂತ ಯಾರೂ ಬರೆದಿಡದಿದ್ದರೆ ಲ್ಯಾಬ್‌ನವರು ಏನು ಮಾಡಬೇಕು?

ನಮ್ಮಲ್ಲಿ ಜನರ ಆಹಾರಕ್ಕೆ ಒಂದು ಸಂಖ್ಯೆ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ, 2020ರ ಆಗಸ್ಟ್‌ನಲ್ಲಿ ಆದೇಶ ಮಾಡಿ, 2021ರ ಮಾರ್ಚ್ 1ರಿಂದ ಜಾರಿಗೆ ತಂದಿತು. ಅದರ ಪ್ರಕಾರ 24 ಆಹಾರ ಬೆಳೆಗಳ ಆಮದಿಗೆ ಕುಲಾಂತರಿ ಅಲ್ಲ ಎಂಬ ಪ್ರಮಾಣಪತ್ರ ಬೇಕು, ಆಕಸ್ಮಿಕ ಬೆರಕೆ ಶೇ. 1ರವರೆಗೆ ಮಾತ್ರ. ಪಶು ಆಹಾರಕ್ಕೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ, ಮಾನದಂಡಗಳಿವೆ. ದನದ ಫೀಡ್‌ಗೆ ಐಎಸ್ 2052, ಕೋಳಿಗೆ ಐಎಸ್ 1374. ಅವುಗಳಲ್ಲಿ ಪ್ರೋಟೀನ್, ನಾರು, ಮರಳು, ಅಫ್ಲಾಟಾಕ್ಸಿನ್‌ಗೆ ಲೆಕ್ಕ ಇದೆ. ಯುರೋಪಿನ 0.1ರಂತೆ ಕುಲಾಂತರಿ ಬೆರಕೆಯನ್ನು ಅಳೆದು ಹಿಡಿಯುವ ಲೆಕ್ಕ ಇಲ್ಲ. ನೀವು ಮುಂದೆ ಸಂಶೋಧನೆಗೆ ಹೋಗುವುದಾದರೆ ಇದೇ ವಿಷಯ ಹಿಡಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೇ ಮೀಸಲಾದ ರಾಷ್ಟ್ರೀಯ ಸಂಸ್ಥೆ ಇದೆ. ನಮ್ಮ ರಾಜ್ಯದಲ್ಲೇ ಕೂತು ಮಾಡಬಹುದಾದ ಕೆಲಸ ಇದು.

ಪ್ರಶ್ನೆ: ಹಿಂಡಿ ಬಂದ ಸುದ್ದಿಗೇ ನಮ್ಮ ಸೋಯಾ ದರ ಅರ್ಧಕ್ಕೆ ಬಿತ್ತು. ಆರೋಗ್ಯ, ಪರಿಸರ ಎಲ್ಲ ನೆಪ. ನಿಜವಾದ ವಿಷಯ ರೈತನ ದರ ಅಲ್ಲವೇ? (ಸೋಯಾ ಬೆಳೆಗಾರರು, ಭಾಲ್ಕಿ ತಾಲ್ಲೂಕು)

ನಿಮ್ಮ ಸಿಟ್ಟು ನ್ಯಾಯವಾದದ್ದು. ಆಗಸ್ಟ್‌ನಲ್ಲಿ ಅನುಮತಿ ಕೊಟ್ಟರು. ನಿಮ್ಮ ಬೆಳೆ ಕೊಯ್ಲಿಗೆ ಬರುವುದು ಸೆಪ್ಟೆಂಬರ್, ಅಕ್ಟೋಬರ್. ಬೇಸಿಗೆಯಲ್ಲಿ ದರ ಏರಿದಾಗ ರೈತರ ಮನೆಯಲ್ಲಿ ಕಾಳು ಇರಲಿಲ್ಲ, ವ್ಯಾಪಾರಿಗಳ ಗೋದಾಮಿನಲ್ಲಿ ಇತ್ತು. ನೀವು ಚೀಲ ತುಂಬಿ ಮಾರುಕಟ್ಟೆಗೆ ಬರುವ ಹೊತ್ತಿಗೆ ದರ ಇಳಿದಿತ್ತು. ಕೊಯ್ಲಿನ ಸಮಯದಲ್ಲಿ ದರ ಹೇಗೂ ಸ್ವಲ್ಪ ಬೀಳುತ್ತದೆ, ಎಲ್ಲ ಹೊಣೆಯನ್ನೂ ಹಡಗಿನ ಮೇಲೆ ಹಾಕಲಾಗದು. ಆ ವರ್ಷದ ಬೆಂಬಲ ಬೆಲೆ 3,950 ರೂಪಾಯಿ, ದರ ಅದಕ್ಕಿಂತ ಮೇಲೇ ಇತ್ತು ಎಂಬುದೂ ನಿಜ. ಆದರೂ ಜೂನ್‌ನಲ್ಲಿ ಹತ್ತು ಸಾವಿರದ ಆಸೆಯಿಂದ ಬಿತ್ತಿದವರಿಗೆ ಆದದ್ದು ನಷ್ಟವೇ.

ಆದರೆ "ಎಲ್ಲ ನೆಪ" ಎನ್ನುವುದನ್ನು ನಾನು ಒಪ್ಪುವುದಿಲ್ಲ. ದರವನ್ನು ಕಾಯಲು ಸುಂಕ ಇದೆ, ಆಮದಿನ ಕಾಲ ಇದೆ, ಪ್ರಮಾಣ ಇದೆ. ಕೊಯ್ಲಿನ ಎರಡು ತಿಂಗಳು ಆಮದು ಬೇಡ ಎಂದು ನೇರವಾಗಿ ಕೇಳಿ, ನಾನೂ ಜೊತೆಗೆ ಕೇಳುತ್ತೇನೆ. ಕುಲಾಂತರಿ ನಿಯಮವನ್ನು ದರದ ಬೇಲಿಯಾಗಿ ಮಾತ್ರ ಬಳಸಿದರೆ, ದರ ಏರಿದ ದಿನ ಬೇಲಿ ಕಿತ್ತು ಹಾಕುತ್ತಾರೆ. 2021ರಲ್ಲಿ ನಡೆದದ್ದು ಅದೇ ಅಲ್ವಾ?

ನಿಮಗೆ ಲಾಭವಾಗುವ ಇನ್ನೊಂದು ದಾರಿಯೂ ಇದೆ. ನಮ್ಮ ದೇಶದ ಸೋಯಾ ಕುಲಾಂತರಿ ಅಲ್ಲ. ನೀವು ಬಿತ್ತುವ ಜೆಎಸ್ 335 ಇರಲಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಎಸ್‌ಬಿ 21 ಇರಲಿ, ಸಾಮಾನ್ಯ ತಳಿಗಳೇ. ಕುಲಾಂತರಿ ಅಲ್ಲದ ಹಿಂಡಿಗೆ ಜರ್ಮನಿ, ಫ್ರಾನ್ಸ್‌ನಂಥ ಕಡೆ ಗಿರಾಕಿಗಳಿದ್ದಾರೆ. ಹೊರಗಿನ ಕುಲಾಂತರಿ ಹಿಂಡಿ ಲೆಕ್ಕವಿಲ್ಲದೆ ನಮ್ಮ ಗೋದಾಮುಗಳಲ್ಲಿ ಓಡಾಡಿದರೆ ಆ ಹೆಸರು ಹೋಗುತ್ತದೆ. 2009ರ ಧೂಳಿನ ಕಥೆ ಮೇಲೆ ಓದಿದಿರಲ್ಲ, ಧೂಳು ಯಾರ ಗೋದಾಮಿನಲ್ಲೂ ಬೀಳಬಹುದು. ಬೇರೆ ಗೋದಾಮು, ಬೇರೆ ಲಾರಿ, ಲಾಟ್ ಲಾಟಿಗೂ ದಾಖಲೆ ಎಂಬ ನಿಯಮ ನಿಮ್ಮ ಹಿಂಡಿಯ ಬೆಲೆಯನ್ನೇ ಕಾಯುತ್ತದೆ.

ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ 2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ನಮ್ಮ ರಾಜ್ಯದವರೇ ಆದ ಬಿ.ವಿ. ನಾಗರತ್ನ ಅವರು ಸಾಸಿವೆಗೆ ಜಿಇಎಸಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿದರು, ಸಂಜಯ್ ಕರೋಲ್ ಅವರು ಎತ್ತಿಹಿಡಿದರು. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಂದಾದರು. ಬೆಳೆಯುವುದು, ಸಂಶೋಧನೆ, ವ್ಯಾಪಾರ ಎಲ್ಲ ಸೇರಿಸಿ ಕೇಂದ್ರ ಸರ್ಕಾರ ಒಂದು ರಾಷ್ಟ್ರೀಯ ನೀತಿ ಮಾಡಬೇಕು, ರಾಜ್ಯಗಳನ್ನೂ ರೈತರನ್ನೂ ಕೇಳಬೇಕು ಎಂದರು. ಆ ನೀತಿಯಲ್ಲಿ ಪಶು ಆಹಾರಕ್ಕೆ ಒಂದು ಅಧ್ಯಾಯ ಇರಲೇಬೇಕು. ನಿಮ್ಮ ರೈತ ಸಂಘದಿಂದ ಬರೆದು ಕಳಿಸಿ.

ಪ್ರಶ್ನೆ: ಹಿಂಡಿ ಅಲ್ಲ, ಕುಲಾಂತರಿ ಮೆಕ್ಕೆಜೋಳವನ್ನೇ "ಫೀಡ್‌ಗೆ ಮಾತ್ರ" ಎಂದು ತಂದರೆ ತೊಂದರೆ ಏನು? (ಮೆಕ್ಕೆಜೋಳ ಬೆಳೆಗಾರರು, ದಾವಣಗೆರೆ)

ಇಡೀ ಕಾಳು ಮೊಳೆಯುತ್ತದೆ. ಹಿಂಡಿಗೂ ಕಾಳಿಗೂ ಇರುವ ದೊಡ್ಡ ವ್ಯತ್ಯಾಸ ಅದು. ಬಂದರಿನಿಂದ ಫೀಡ್ ಮಿಲ್‌ಗೆ ಹೋಗುವ ಲಾರಿಯಿಂದ ಕಾಳು ಉದುರುತ್ತದೆ. ಉದುರಿದ್ದು ಮಳೆಗೆ ಚಿಗುರುತ್ತದೆ. ಜಪಾನ್ ಕುಲಾಂತರಿ ಕನೋಲಾ (ಸಾಸಿವೆ ಜಾತಿಯ ಎಣ್ಣೆಕಾಳು) ಬೆಳೆಯುವುದಿಲ್ಲ, ಎಣ್ಣೆಗಾಗಿ ಬೀಜ ತರಿಸುತ್ತದೆ. ಅಲ್ಲಿನ ಕಾಶಿಮಾ ಬಂದರಿನ ಸುತ್ತ ರಸ್ತೆ ಬದಿಯಲ್ಲಿ ಕಳೆನಾಶಕಕ್ಕೆ ಜಗ್ಗದ ಕನೋಲಾ ಗಿಡಗಳು ಸಿಕ್ಕಿವೆ. ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಹೋಗುತ್ತದೆ. ನಿಮ್ಮ ಹೊಲ ಹೆದ್ದಾರಿ ಪಕ್ಕದಲ್ಲಿದ್ದರೆ ಯೋಚಿಸಿ.

"ಫೀಡ್‌ಗೆ ಮಾತ್ರ" ಎಂಬ ಮಾತಿನ ಕಥೆ ಅಮೆರಿಕದಲ್ಲೇ ಮುಗಿದಿದೆ. ಸ್ಟಾರ್‌ಲಿಂಕ್ ಎಂಬ ಮೆಕ್ಕೆಜೋಳಕ್ಕೆ 1998ರಲ್ಲಿ ಅಲ್ಲಿ ಪಶು ಆಹಾರಕ್ಕೆ ಮತ್ತು ಕೈಗಾರಿಕೆಗೆ ಮಾತ್ರ ಒಪ್ಪಿಗೆ ಕೊಟ್ಟರು. ಅದರಲ್ಲಿದ್ದ ಕ್ರೈ9ಸಿ ಪ್ರೋಟೀನ್ ಬೇಗ ಜೀರ್ಣವಾಗುವುದಿಲ್ಲ, ಅಲರ್ಜಿ ತರಬಹುದು ಎಂಬ ಅನುಮಾನ ಇತ್ತು. ದೇಶದ ಮೆಕ್ಕೆಜೋಳದ ಹೊಲಗಳಲ್ಲಿ ಶೇ. 1ಕ್ಕೂ ಕಡಿಮೆ ಜಾಗದಲ್ಲಿ ಅದನ್ನು ಬೆಳೆದಿದ್ದರು. 2000ದ ಸೆಪ್ಟೆಂಬರ್‌ನಲ್ಲಿ ಅಂಗಡಿಯಲ್ಲಿ ಮಾರುವ, ಮೆಕ್ಕೆಜೋಳದಿಂದ ಮಾಡಿದ ಟ್ಯಾಕೋ ಎಂಬ ತಿಂಡಿಯ ಚಿಪ್ಪುಗಳಲ್ಲಿ ಅದು ಸಿಕ್ಕಿತು. ರಾಶಿ ರಾಶಿ ತಿಂಡಿ ವಾಪಸ್ ತರಿಸಿದರು. ಜಪಾನ್, ಕೊರಿಯಾ ಅಮೆರಿಕದ ಮೆಕ್ಕೆಜೋಳ ಕೊಳ್ಳಲು ಹಿಂಜರಿದವು. ಅಲರ್ಜಿ ಆಯಿತು ಎಂದವರನ್ನು ಪರೀಕ್ಷಿಸಿದಾಗ ಕ್ರೈ9ಸಿ ಕಾರಣ ಎಂಬ ಸಾಕ್ಷ್ಯ ಸಿಗಲಿಲ್ಲ, ಅದನ್ನೂ ಹೇಳಬೇಕು. ಆದರೆ ದನಕ್ಕೊಂದು, ಜನಕ್ಕೊಂದು ಅಂತ ಒಂದೇ ಕಾಳನ್ನು ಬೇರ್ಪಡಿಸಿ ಇಡಲು ಆಗುವುದಿಲ್ಲ ಎಂದು ಅಲ್ಲಿನ ಸರ್ಕಾರವೇ ಒಪ್ಪಿತು. ಅರ್ಧ ಒಪ್ಪಿಗೆ ಕೊಡುವ ಪದ್ಧತಿಯನ್ನೇ ನಿಲ್ಲಿಸಿತು. ಅಮೆರಿಕದ ಗೋದಾಮು ವ್ಯವಸ್ಥೆಯಲ್ಲಿ ಆಗದ್ದು ನಮ್ಮ ಎಪಿಎಂಸಿ ಯಾರ್ಡ್‌ನಲ್ಲಿ ಆಗುತ್ತದೆ ಎಂದು ನಾನು ನಂಬುವುದಿಲ್ಲ.

ಹಿಂಡಿಯ ನಂತರ ಬಾಗಿಲು ತಟ್ಟಿದ್ದು ಡಿಡಿಜಿಎಸ್. ಮೆಕ್ಕೆಜೋಳದಿಂದ ಎಥನಾಲ್ ತೆಗೆದ ಮೇಲೆ ಉಳಿಯುವ ಒಣ ಪುಡಿ ಅದು. ತನ್ನ ಡಿಡಿಜಿಎಸ್‌ಗೆ ಇಲ್ಲಿ ದಾರಿ ಕೊಡಿ ಎಂದು ಅಮೆರಿಕ ಬಹಳ ದಿನ ಕೇಳುತ್ತಾ ಬಂತು. ಅಲ್ಲಿನ ಮೆಕ್ಕೆಜೋಳ ಶೇ. 90ಕ್ಕಿಂತ ಜಾಸ್ತಿ ಕುಲಾಂತರಿ. ಪುಡಿ ಮೊಳೆಯುವುದಿಲ್ಲ, ಆದ್ದರಿಂದ 2021ರ ವಾದವನ್ನೇ ಇದಕ್ಕೂ ಹೇಳಬಹುದು. ಒಂದು ಎಚ್ಚರಿಕೆ: ಪಿಷ್ಟ ಹೋದ ಮೇಲೆ ಉಳಿದದ್ದರಲ್ಲಿ ಬೂಸ್ಟಿನ ವಿಷ ಸುಮಾರು ಮೂರು ಪಟ್ಟು ಸಾಂದ್ರವಾಗುತ್ತದೆ. ಇಲ್ಲಿಯ ಡಿಸ್ಟಿಲರಿಯದಾದರೂ ಅಷ್ಟೇ, ಹೊರಗಿನದಾದರೂ ಅಷ್ಟೇ. ಯಾವ ಈವೆಂಟ್ ಎಂಬುದರ ಜೊತೆಗೆ ಅಫ್ಲಾಟಾಕ್ಸಿನ್ ವರದಿಯೂ ಬಂದರಿನಲ್ಲೇ ಬೇಕು.

ಪ್ರಶ್ನೆ: ನಾನು ಕುಲಾಂತರಿ ಬೇಡ ಅಂತ ಮನೆಯ ಹಸುಗಳಿಗೆ ಹತ್ತಿಕಾಳು ಹಿಂಡಿ ಮಾತ್ರ ಹಾಕುತ್ತೇನೆ. ಸರಿ ತಾನೇ? (ಹೈನುಗಾರರು, ಹಾವೇರಿ)

ಹಿಂಡಿ ಒಳ್ಳೆಯದು, ಹಾಕಿ. ಆದರೆ ಅದು ಕುಲಾಂತರಿಯೇ. ಕಾಯಿಕೊರಕ ಹುಳು ತಡೆಯುವ ಕುಲಾಂತರಿ ಹತ್ತಿ, ಬಿಟಿ ಹತ್ತಿಗೆ 2002ರ ಮಾರ್ಚ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಈಗ ದೇಶದ ಹತ್ತಿ ಶೇ. 90ಕ್ಕಿಂತ ಹೆಚ್ಚು ಬಿಟಿ. ನಿಮ್ಮ ಹಾವೇರಿಯದು, ರಾಯಚೂರಿನದು, ಎಲ್ಲ. ಎರಡು ದಶಕದಿಂದ ನಮ್ಮ ಎಮ್ಮೆ, ಹಸು ಅದರ ಕಾಳು, ಹಿಂಡಿ ತಿಂದು ಹಾಲು ಕೊಡುತ್ತಿವೆ.

ನನಗೆ ಚಿಂತೆ ಇರುವುದು ಅದರ ಬಗ್ಗೆ ಅಲ್ಲ. ಕಳೆನಾಶಕ ತಡೆಯುವ ಹತ್ತಿ, ಎಚ್‌ಟಿಬಿಟಿ ಎನ್ನುತ್ತಾರಲ್ಲ, ಅದಕ್ಕೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಗದೆಯೇ ಕಳ್ಳ ಬೀಜವಾಗಿ ಮಹಾರಾಷ್ಟ್ರ, ತೆಲಂಗಾಣ, ಆಂಧ್ರ, ಗುಜರಾತ್ ಹೊಲಗಳಿಗೆ ಬಂತು. ಅದರ ಕಾಳು ಬೇರೆ ಗಾಣಕ್ಕೆ ಹೋಗುತ್ತದೆಯೇ? ಇಲ್ಲ. ಎಲ್ಲದರ ಜೊತೆ ಅರೆದು ಹಿಂಡಿಯಾಗುತ್ತದೆ. ಒಪ್ಪಿಗೆ ಇಲ್ಲದ ತಳಿ ಪಶು ಆಹಾರಕ್ಕೆ ಸೇರುವುದು ಹಡಗಿನಿಂದ ಮಾತ್ರ ಅಂದುಕೊಳ್ಳಬೇಡಿ. ಬಂದರಿಗೆ ಬರೆಯುವ ನಿಯಮ ಗಾಣಕ್ಕೂ ಬೇಕು.

ಪ್ರಶ್ನೆ: ಸಣ್ಣ ಫೀಡ್ ಮಿಲ್ ಇದೆ. ಏಜೆಂಟ್ "ನಾನ್ ಜಿಎಂ", ಅಂದರೆ ಕುಲಾಂತರಿ ಅಲ್ಲ, ಅಂತ ಒಂದು ಪತ್ರ ಕೊಡುತ್ತಾನೆ. ಅದು ಸಾಕೇ? (ತುಮಕೂರು)

ಪತ್ರದಲ್ಲಿ ಲಾಟ್ ನಂಬರ್ ಇದೆಯೇ ನೋಡಿ. ನಾನು ಲ್ಯಾಬ್‌ನಲ್ಲಿದ್ದಾಗ ಒಬ್ಬ ಸರಬರಾಜುದಾರ ಪ್ರತಿ ಲೋಡ್‌ಗೂ ಒಂದೇ ಪತ್ರದ ಜೆರಾಕ್ಸ್ ಕೊಡುತ್ತಿದ್ದ. ಲಾಟ್ ನಂಬರ್ ಇಲ್ಲ, ಪರೀಕ್ಷೆ ಮಾಡಿದ ದಿನಾಂಕ ಇಲ್ಲ. ಆ ಕಾಗದಕ್ಕೂ ಚೀಲಕ್ಕೂ ಯಾವ ಸಂಬಂಧವೂ ಇರಲಿಲ್ಲ. ಲೋಡ್ ಇಳಿಸದೆ ವಾಪಸ್ ಕಳಿಸಿದೆ. ಮ್ಯಾನೇಜರ್ ಮುಖ ಕೆಂಪಾಗಿತ್ತು, ಆದರೂ ಕಳಿಸಿದೆ.

ಲಾಟ್ ನಂಬರ್, ಎಲ್ಲಿಯ ಸರಕು, ಪಿಸಿಆರ್ ಮಾಡಿದ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬ್ ಯಾವುದು, ಯಾವ ಮಟ್ಟದವರೆಗೆ ಪತ್ತೆ ಮಾಡಬಲ್ಲದು, ಇಷ್ಟು ಕೇಳಿ. "ಪತ್ತೆಯಾಗಿಲ್ಲ" ಎಂದಷ್ಟೇ ಬರೆದು ಮಟ್ಟ ಬರೆಯದಿದ್ದರೆ ಆ ವರದಿಗೆ ಅರ್ಥವಿಲ್ಲ. ಆಮದು ಸರಕಾದರೆ 2006ರ ನಿಯಮದ ಘೋಷಣೆಯ ಪ್ರತಿ ಕೇಳಿ. ಕೊಡಲು ಮನಸ್ಸಿಲ್ಲದವರು ತಡವರಿಸುತ್ತಾರೆ, ನಿಮಗೇ ಗೊತ್ತಾಗುತ್ತದೆ. ಪ್ರತಿ ಲಾರಿಗೂ ಪಿಸಿಆರ್ ಮಾಡಿಸುವಷ್ಟು ಹಣ ಸಣ್ಣ ಮಿಲ್‌ಗೆ ಇರುವುದಿಲ್ಲ, ಬೇಡವೂ ಬೇಡ. ನಾಲ್ಕೈದು ಮಿಲ್‌ನವರು ಸೇರಿ ಆಗಾಗ ಒಂದು ಲಾಟ್ ಕಳಿಸಿ, ಖರ್ಚು ಹಂಚಿಕೊಳ್ಳಿ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಬಂದ ಪ್ರತಿ ಲಾಟ್‌ನ ಹತ್ತಾರು ಚೀಲಗಳಿಂದ ಸ್ವಲ್ಪ ಸ್ವಲ್ಪ ತೆಗೆದು ಬೆರೆಸಿ. ಒಂದು ಕೆಜಿ ಒಣ ಡಬ್ಬಿಗೆ ಹಾಕಿ, ದಿನಾಂಕ, ಲಾಟ್ ನಂಬರ್, ಲಾರಿ ನಂಬರ್ ಬರೆದು, ಆ ಫೀಡ್ ತಿಂದ ಕೋಳಿ ಮಾರಾಟವಾಗುವವರೆಗಾದರೂ ಇಡಿ. ನಾಳೆ ಏನಾದರೂ ತಕರಾರು ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ.